ನೋಟಕ್ಕೊಂದು, ಗುರಿಗೊಂದು

ಟೆಕ್ಸಸ್‌ನಲ್ಲಿರುವ ಅಕ್ಕನ ಮಗ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದಾನೆ. ಕಪ್ಪು ಹೊಲ, ಅದರಲ್ಲಿ ಬೆಳ್ಳಗೆ ಹೊಳೆಯುವ ಹಂದಿಗಳು, ನಟ್ಟನಡುವೆ ಗುರಿಯ ಗೀಟು. ಬಂದೂಕಿಗೆ ಹೊಸ ಥರ್ಮಲ್ ಸ್ಕೋಪ್ ಹಾಕಿಸಿದ್ದಾನಂತೆ. ಅಲ್ಲಿ ಹಂದಿಯೆಂದರೆ ಬೆಳೆಗೆ ಬಿದ್ದ ಪಿಡುಗು. ಜಮೀನಿನ ಮಾಲೀಕ ಒಪ್ಪಿದರೆ ಹಗಲೂ ರಾತ್ರಿಯೂ ಹೊಡೆಯಬಹುದು. 2019ರಿಂದ ಅದಕ್ಕೆ ಬೇಟೆಯ ಪರವಾನಗಿಯೂ ಬೇಕಿಲ್ಲ. ವಿಡಿಯೋದ ಕೆಳಗೆ ಒಂದು ಸಾಲು: ‘ಮಾಮಾ, ಇದನ್ನು ಹಿಡಿದು ಬೈತಖೋಲದ ಅಲೆ ತಡೆಗೋಡೆ ಮೇಲೆ ಕೂತರೆ ನಿಮಗೆ ಒಂದು ಚೋಣಕ ಮೀನೂ ತಪ್ಪಲಿಕ್ಕಿಲ್ಲ.’

ಓದಿದ್ದು ಇಂಜಿನಿಯರಿಂಗ್. ಥರ್ಮಲ್ ಸೆನ್ಸರ್ ಹಿಡಿಯುವುದು 8ರಿಂದ 14 ಮೈಕ್ರಾನ್ ಅಲೆಯುದ್ದದ ಅತಿಗೆಂಪು ಕಿರಣಗಳನ್ನು, ನೀರೆಂದರೆ ಆ ಕಿರಣಗಳಿಗೆ ಗೋಡೆ ಎಂಬುದು ಅವನಿಗೆ ಗೊತ್ತಿರಬೇಕಿತ್ತು. ಮಿಲಿಮೀಟರಿನ ಒಂದು ಪಾಲು ಆಳವೂ ಅದಕ್ಕೆ ಕಾಣದು. ಗಾಜೂ ಹಾಗೆಯೇ. ಅದಕ್ಕೇ ಸ್ಕೋಪಿನ ಮಸೂರವನ್ನು ಜರ್ಮೇನಿಯಂನಲ್ಲಿ ಮಾಡುತ್ತಾರೆ, ಅದಕ್ಕೇ ಆ ಬೆಲೆ. ಟ್ಯೂನಾದಂಥ ಕೆಲವನ್ನು ಬಿಟ್ಟರೆ ಮೀನಿನ ಮೈ ಸುತ್ತಲಿನ ನೀರಿನಷ್ಟೇ ಬೆಚ್ಚಗೆ. ನೀರು ಪಾರದರ್ಶಕವಾಗಿದ್ದರೂ ಚೋಣಕ ತೋರುತ್ತಿರಲಿಲ್ಲ. ಇನ್ನು ನಮ್ಮ ಮಳೆಗಾಲ. ನಾಲ್ಕು ದಿನ ಹಿಡಿದು ಹೊಯ್ದರೆ ಕಲ್ಲು, ಮರ, ದೋಣಿ, ಬಲೆ ಎಲ್ಲವೂ ಒಂದೇ ಉಷ್ಣಕ್ಕೆ ಬಂದು ಕೂರುತ್ತವೆ. ವ್ಯತ್ಯಾಸ ಇಲ್ಲದಲ್ಲಿ ಚಿತ್ರವೂ ಇಲ್ಲ.

ಇಷ್ಟು ಸಾಲದೆಂದರೆ, ಗುಡ್ಡ ದಾಟಿದರೆ ಬಿಣಗಾ, ಅದರಾಚೆ ಅರಗಾ, ಅಲ್ಲಿ 2005ರಿಂದ ಐಎನ್‌ಎಸ್ ಕದಂಬ. ನೌಕಾನೆಲೆಯ ನೆರೆಯಲ್ಲಿ ರಾತ್ರಿ ಕೂತು ಬಂದೂಕಿನ ಸ್ಕೋಪಿನಲ್ಲಿ ಸಮುದ್ರ ನೋಡುವವನಿಗೆ ಮೀನು ಸಿಗದಿದ್ದರೂ ಊಟಕ್ಕೆ ತೊಂದರೆಯಾಗದು, ಸರ್ಕಾರವೇ ಹಾಕುತ್ತದೆ. ಕಾಡಿಗೆ ಒಯ್ಯೋಣವೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ನನ್ನ ಪಾಲಿಗೆ ಉಳಿದಿರುವ ಬೇಟೆ ಗಾಳದ್ದೊಂದೇ, ಅದರ ದೂರು ನನಗಿಲ್ಲ.

ಆದರೂ ಸ್ಕೋಪಿನ ವಿಷಯ ತಲೆ ಬಿಡಲಿಲ್ಲ. ಫೋನು ಮಾಡಿ ವಿಚಾರಿಸಿದೆ. 384 ಬಿಟ್ಟು 640 ಪಿಕ್ಸೆಲಿನದೇ ಕೊಂಡದ್ದನ್ನು ಹೇಳಿದ. ಕಾಗದದ ಮೇಲೆ ಅಚ್ಚಾದ ಗುರಿ ಥರ್ಮಲ್‌ಗೆ ಕಾಣುವುದಿಲ್ಲವಾದ್ದರಿಂದ ಅಲ್ಯೂಮಿನಿಯಂ ಹಾಳೆಯ ತುಂಡು ಅಂಟಿಸಿ ಗುರಿ ಕೂಡಿಸಿಕೊಂಡದ್ದನ್ನು ಹೇಳಿದ. ಆ ಯುಕ್ತಿ ನನಗೆ ಬಹಳ ಹಿಡಿಸಿತು. ಸುಮ್ಮನೆ ಹೊಲ ನೋಡಲು ಏನಿದೆ, ಕೈಯಲ್ಲಿ ಹಿಡಿಯುವ ಬೇರೆ ದುರ್ಬೀನು ಕೊಂಡೆಯಾ ಎಂದು ಕೇಳಿದೆ. ‘ಯಾಕೆ? ಬಂದೂಕಿನ ಮೇಲೇ ಇದೆಯಲ್ಲ, ಅದರಲ್ಲೇ ನೋಡ್ತೇನೆ’ ಎಂದ.

ಅಂದರೆ ಹೊಲದಾಚೆ ಏನು ಅಲುಗಿದರೂ ಮೊದಲು ಅದರ ಎದೆಗೆ ನಳಿಗೆ ತಿರುಗಿಸಿ, ಆಮೇಲೆ ಯಾರೆಂದು ವಿಚಾರಿಸುವುದು! ಥರ್ಮಲ್ ತೋರಿಸುವುದು ಬಿಸಿಯ ಆಕಾರವನ್ನು ಮಾತ್ರ. ಬಣ್ಣವಿಲ್ಲ, ಮುಖವಿಲ್ಲ. ದೂರದ ಹಂದಿಗೂ ನೆರೆಯವನ ಕರುವಿಗೂ ನಡಿಗೆಯಲ್ಲಷ್ಟೇ ವ್ಯತ್ಯಾಸ. ನೆರೆಯವನೇ ಬಗ್ಗಿ ಬೇಲಿ ಸರಿಮಾಡುತ್ತಿದ್ದರೆ ಅದೂ ಇಲ್ಲ. ಹಂದಿಯೆಂದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ನಮ್ಮ ಮಲೆನಾಡಿನ ಪತ್ರಿಕೆ ಓದುವವರಿಗೆ ಹೊಸದಲ್ಲ. ಅವರ ಬಳಿ ಇದ್ದದ್ದು ಬ್ಯಾಟರಿ, ಇವನ ಬಳಿ ಇರುವುದು ಜರ್ಮೇನಿಯಂ. ಬುದ್ಧಿ ಒಂದೇ. ಸ್ಕೋಪು ಎಂಥದು ಕೊಳ್ಳಬೇಕೆಂದು ಯಾರಾದರೂ ನನ್ನನ್ನು ಕೇಳುವುದಾದರೆ (ಯಾರೂ ಕೇಳುವುದಿಲ್ಲ), ಪಿಕ್ಸೆಲ್ ಇಳಿಸಿಕೊಂಡು ಉಳಿದ ಹಣದಲ್ಲಿ ಮೊದಲು ಕೈದುರ್ಬೀನು ಕೊಳ್ಳಿ ಎನ್ನುತ್ತೇನೆ. ನೋಡುವ ಸಾಧನ ಬೇರೆ ಇರಬೇಕು, ಹೊಡೆಯುವ ಸಾಧನ ಬೇರೆ ಇರಬೇಕು.

ಅಣಶಿ ಘಟ್ಟದಲ್ಲಿ ಮಳೆಗಾಲಕ್ಕೆ ಕಾಣುವ ಮಲಬಾರ್ ಗುಳಿಮಂಡಲ ಹಾವಿಗೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದೊಂದು ಗುಳಿಯಿದೆ. ಕತ್ತಲಲ್ಲಿ ಕಪ್ಪೆಗಿಂತ ಇಲಿ ಅದಕ್ಕೆ ಸ್ಪಷ್ಟ, ಇಲಿಯ ಮೈ ಬಿಸಿ. ಜರ್ಮೇನಿಯಂ ಇಲ್ಲದ, ಬ್ಯಾಟರಿ ಬೇಡದ ಥರ್ಮಲ್ ಸ್ಕೋಪ್ ಅದು. ಅದರದೂ ವಿಷದ ಹಲ್ಲಿನ ಮೇಲೇ ಕೂತಿದೆಯಲ್ಲ ಎಂದು ಅಳಿಯ ವಾದಿಸಿದ. ಹಾವಿಗೆ ಕೈಯಿಲ್ಲ, ಪಾಪ. ನೋಟ, ಆಯುಧ ಎರಡನ್ನೂ ತಲೆಯಲ್ಲೇ ಇಟ್ಟುಕೊಳ್ಳದೆ ಅದಕ್ಕೆ ಗತಿಯಿಲ್ಲ. ಎರಡು ಕೈಯಿರುವ ಮನುಷ್ಯನಿಗೇನು ದಾಡಿ?

ಈ ಮಾತು ನಾನು ಹೇಳಬೇಕಾದ್ದು ಟೆಕ್ಸಸ್‌ನವರಿಗಲ್ಲ, ತಲೆಗೆ ಹೆಡ್‌ಲೈಟ್ ಕಟ್ಟಿಕೊಂಡು ಗಾಳಕ್ಕೆ ಬರುವ ನಮ್ಮೂರಿನವರಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಬಂದರಿನಲ್ಲಿ ಟ್ರಾಲರ್, ಪರ್ಸೀನ್ ಎಲ್ಲ ಮೈಗೆ ಮೈ ಒತ್ತಿ ನಿಂತಿರುತ್ತವೆ. ಮಳೆ ಬಿಡುವು ಕೊಟ್ಟ ರಾತ್ರಿ, ಭರತಿ ಏರುವ ಹೊತ್ತು, ಗೋಡೆಯ ಒಳಮಗ್ಗುಲು ನಮ್ಮದು. ಆಗ ಬರುತ್ತಾರೆ ಇವರು. ಒಬ್ಬನದು ಸಾವಿರ ಲೂಮೆನ್ನಂತೆ, ಇನ್ನೊಬ್ಬನದು ಎರಡು ಸಾವಿರವಂತೆ. ಬೆಳಕು ಎರಡರಷ್ಟು ದೂರ ಹೋಗಬೇಕಾದರೆ ನಾಲ್ಕರಷ್ಟು ಬೇಕು ಎಂಬ ಲೆಕ್ಕ ಅಂಗಡಿಯವನು ಹೇಳುವುದಿಲ್ಲ, ಇವರು ಕೇಳುವುದೂ ಇಲ್ಲ.

ಚೋಣಕ ಬೆಳಕಿಗೆ ಹೆದರುವ ಮೀನಲ್ಲ. ಧಕ್ಕೆಯ ದೀಪ ರಾತ್ರಿಯಿಡೀ ಉರಿದರೂ ಅದು ಬೆಳಕು-ನೆರಳು ಸೇರುವ ಅಂಚಿನಲ್ಲಿ, ನೆರಳಿನ ಕಡೆಗೆ ನಿಂತು, ಬೆಳಕಿಗೆ ಮುತ್ತುವ ಮರಿಮೀನು, ಶೆಟ್ಲಿಗಳಿಗೆ ಕಾಯುತ್ತದೆ. ನಿಂತ ಬೆಳಕನ್ನು ಅದು ಬಳಸಿಕೊಳ್ಳುತ್ತದೆ. ಓಡಾಡುವ ಬೆಳಕು ಕಂಡರೆ ಜಾಗ ಖಾಲಿ. ತಲೆಯ ಮೇಲಿನ ದೀಪ ನಿಲ್ಲುವುದೆಂತು? ಸೀನಿದರೆ ಅಲುಗುತ್ತದೆ, ಸೊಳ್ಳೆ ಕಚ್ಚಿದರೆ ಅಲುಗುತ್ತದೆ. ಇವನು ಎಲ್ಲಿ ನೋಡಿದರೆ ಅಲ್ಲಿಗೆಲ್ಲ ಏಟು. ಮಾತಾಡಿಸಲು ತಿರುಗಿದರೋ, ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಂತೆ.

ನನ್ನದು ಕೊರಳಿಗೆ ಕಟ್ಟಿದ ಚಿಕ್ಕ ಟಾರ್ಚು. ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಮಡಿಕೆ. ಅದರ ಬೆಳಕು ಬೀಳುವುದು ನನ್ನ ಮಡಿಲಿಗೆ, ಗಂಟು ಹಾಕುವಷ್ಟು ಹೊತ್ತು. ಕತ್ತಲಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಮಂದವಾದ ಕಡುಗೆಂಪು ಹೆಚ್ಚು ತಾಗುವುದಿಲ್ಲ; ನೀರಿನಲ್ಲಿ ಎಲ್ಲಕ್ಕಿಂತ ಬೇಗ ಸಾಯುವ ಬಣ್ಣವೂ ಕೆಂಪೇ. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಹೊಡೆದರೆ ಕತ್ತಲ ನೋಟ ಪೂರ್ತಿ ಮರಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ಭರತಿಯ ಒಳ್ಳೆಯ ಹೊತ್ತು ಮುಗಿದಿರುತ್ತದೆ.

ಇದಕ್ಕೂ ಮೇಲಿನದು ಒಕ್ಕಣ್ಣಿನ ಯುಕ್ತಿ. ಎರಡು ಕಣ್ಣೂ ಕತ್ತಲಿಗೆ ಬೇರೆಬೇರೆಯಾಗಿಯೇ ಹೊಂದಿಕೊಳ್ಳುತ್ತವೆ. ದೂರದಲ್ಲಿ ಹೆಡ್‌ಲೈಟ್ ಬರುವುದು ಕಂಡೊಡನೆ ನಾನು ಬಲಗಣ್ಣು ಮುಚ್ಚಿಬಿಡುತ್ತೇನೆ. ಎಡಗಣ್ಣು ಅತಿಥಿಸತ್ಕಾರಕ್ಕೆ. ಅವರು ಆಚೆ ಹೋದ ಮೇಲೆ ಬಲಗಣ್ಣು ತೆರೆದರೆ ಕತ್ತಲು ಇಟ್ಟಲ್ಲೇ ಇರುತ್ತದೆ: ಕಲ್ಲಿನ ಅಂಚು, ದೋಣಿಯ ಹಗ್ಗ, ದಾರ ನೀರಿಗೆ ಇಳಿಯುವ ಜಾಗ. ಎಡಗಣ್ಣಿಗೆ ಮಾತ್ರ ಮಸಿ. ಗಂಟು ಹಾಕುವಾಗಲೂ ಹೀಗೇ. ಕಣ್ಣಿನ ಬದಿಯಿಂದ ನೋಡುವುದು ಇನ್ನೂ ಒಳ್ಳೆಯದು, ನೇರ ದಿಟ್ಟಿಸಿದರೆ ಮಂದ ವಸ್ತು ಮಾಯವಾಗುತ್ತದೆ. ಈ ಅಭ್ಯಾಸದಿಂದ ಒಂದೇ ತೊಂದರೆ: ನಾನು ಕಣ್ಣು ಹೊಡೆಯುತ್ತೇನೆಂದು ಬಂದರಿನಲ್ಲಿ ಹೆಸರಾಗಿದೆ. ಆದರೂ ಕಲಿಸಹೋದರೆ ಯಾರೂ ಕಲಿಯುವುದಿಲ್ಲ. ಪೇಟೆಯಲ್ಲಿ ಸಿಗದ್ದು ಕಲೆಯೇ ಅಲ್ಲ ಎಂದಾಗಿದೆ ಈಗ.

ತಲೆಯ ದೀಪದವರಾದರೂ ಹುಡುಗರು, ಬೈದು ಬಿಡಬಹುದು. ಆಳಸಮುದ್ರದಲ್ಲಿ ಜನರೇಟರ್ ಹೊತ್ತು ಎಲ್‌ಇಡಿ ಉರಿಸಿ, ಬೆಳಕಿಗೆ ಕವಿದ ಮೀನನ್ನು ಮರಿಸಮೇತ ಬಳಿಯುವವರಿಗೆ ಏನೆನ್ನಬೇಕು? 2017ರ ನವೆಂಬರ್‌ನಲ್ಲೇ ಕೇಂದ್ರ ಸರ್ಕಾರ ಇದನ್ನು ನಿಷೇಧಿಸಿದೆ. ಅಲ್ಲಿ ಹುಡುಕಾಟವೇ ಇಲ್ಲ, ಬೆಳಕೇ ಬಲೆ. ಹೊಟ್ಟೆಪಾಡು ಎನ್ನುತ್ತಾರೆ. ಯಾರ ಹೊಟ್ಟೆ? ಪಾತಿ ದೋಣಿಯವನು ಖಾಲಿ ಬುಟ್ಟಿಯಲ್ಲಿ ಮರಳಿದರೆ ಅವನಿಗೆ ಹೊಟ್ಟೆಯಿಲ್ಲವೇ? ಇವತ್ತಿನ ಬೆರಳುದ್ದದ ಬಂಗಡೆಮರಿ ಮೀನೆಣ್ಣೆ ಕಾರ್ಖಾನೆಗೆ ಹೋದರೆ ಬರುವ ವರ್ಷ ಸಾರಿಗೆ ಏನು ಬೇಯಿಸುತ್ತಾರೆ, ಬಲ್ಬೇ?

ರಂಪಣಿಯ ಕಾಲದಲ್ಲಿ ಹೀಗಿರಲಿಲ್ಲ ಎಂದರೆ ಮುದುಕನ ಮಾತಾಗುತ್ತದೆ, ಆಗಲಿ. ಅನುಭವಿಯೊಬ್ಬ ನೀರಿನ ಬಣ್ಣ, ಹಕ್ಕಿಯ ಹಾರಾಟ ನೋಡಿ ತಾರ್ಲೆ, ಬಂಗಡೆಯ ಹಿಂಡನ್ನು ಗುರುತಿಸಿ ಸನ್ನೆ ಮಾಡಿದ ಮೇಲೆ ದೋಣಿ ಬಲೆ ಬಿಡುತ್ತ ಹೋಗುತ್ತಿತ್ತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿತ್ತು. ನೋಡುವವನು ಬೇರೆ, ಬಲೆ ಬಿಡುವವರು ಬೇರೆ. ನೋಡಿದವನು ‘ಇವತ್ತು ಬೇಡ’ ಎನ್ನಲೂ ಬಹುದಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂದ ಮೇಲೆ ರಂಪಣಿ ಸೊರಗಿತು. ಈಗ ಯಂತ್ರ ಒಮ್ಮೆ ನೋಡಿತೆಂದರೆ ಬೇಡ ಎನ್ನುವವರೇ ಇಲ್ಲ.

ಸಮುದ್ರದ ಮಾತು ನನ್ನ ಕೈ ಮೀರಿದ್ದು. ಗೋಡೆಯ ಮೇಲಿನವರಲ್ಲಿ ಮಾತ್ರ ಒಂದು ವಿನಂತಿ. ಹತ್ತಿರ ಬಂದು ‘ಎಂತ ಬಿತ್ತು?’ ಎಂದು ಅಗತ್ಯವಾಗಿ ಕೇಳಿ, ಆದರೆ ದೀಪ ಆರಿಸಿ ಕೇಳಿ. ಗಾಳ ಹಾಕುವವನು ಆ ಪ್ರಶ್ನೆಗೆ ಕೊಡುವ ಉತ್ತರ ಹೇಗೂ ಸುಳ್ಳೇ. ಹೇಳುವಾಗ ಮುಖ ಕಾಣದಿದ್ದರೆ ಇಬ್ಬರಿಗೂ ಅನುಕೂಲ.