ಬುಧವಾರದ ಗಾಳಿ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿ ಬೇಸಿಗೆ ಬಂತೆಂದರೆ, ಬುಧವಾರ ಸಂಜೆ ಕಚೇರಿ ಬಿಟ್ಟವರು ನೇರ ದೋಣಿಕಟ್ಟೆಗೆ ಬರುತ್ತಾರೆ. ಅಲ್ಲಿನ ಯಾಟ್ ಕ್ಲಬ್ 1959ರಲ್ಲಿ ಆರಂಭಿಸಿದ ಹಾಯಿದೋಣಿ ಪಂದ್ಯ ಸೆವರ್ನ್ ನದಿಯ ಬಾಯಲ್ಲಿ ಶುರುವಾಗಿ, ಸ್ಪಾ ಕ್ರೀಕ್ ಎಂಬ ಇಕ್ಕಟ್ಟಿನ ಹಿನ್ನೀರಿನಲ್ಲಿ ಕ್ಲಬ್ಬಿನ ಎದುರಿಗೇ ಮುಗಿಯುವುದು ವಾಡಿಕೆ. ಇದು ಉಳ್ಳವರ ಮೋಜು ಎಂದು ಮೂಗು ಮುರಿಯುವವರಿದ್ದಾರೆ. ಮೋಜು ಹೌದು. ಆದರೆ ಹಾಯಿಯ ದುಡಿಮೆ ಕಣ್ಣೆದುರೇ ಕರಗಿದ ಊರಿನಲ್ಲಿ ಗಾಳಿ ಓದುವ ವಿದ್ಯೆಯನ್ನು ಉಳಿಸಿದ್ದೂ ಇದೇ ಮೋಜು ಎಂಬುದು ನನ್ನ ವಾದ.

ಕ್ರೀಕಿನ ಆಚೆ ದಡದ ಈಸ್ಟ್‌ಪೋರ್ಟ್ ನೋಡಿದರೆ ಬದಲಾವಣೆ ತಿಳಿಯುತ್ತದೆ. 1947ರಲ್ಲಿ ಅಲ್ಲಿಗೆ ಬಂದ ಟ್ರಂಪಿ ಕಂಪನಿಯ ಮರದ ಹಡಗುಗಳ ಕಟ್ಟೋಣ 1970ರ ದಶಕದಲ್ಲಿ ನಿಂತಿತು. ಮ್ಯಾಕ್‌ನಾಸ್ಬಿಯವರ ಸಿಂಪಿ ಸುಲಿಯುವ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. ಚೆಸಾಪೀಕ್ ಕೊಲ್ಲಿಯಲ್ಲಿ ಸಿಂಪಿ ಬಾಚುವ ಸ್ಕಿಪ್‌ಜ್ಯಾಕ್ ದೋಣಿಗಳು ಹಾಯಿಯಲ್ಲೇ ಓಡಬೇಕೆಂಬ ಕಾನೂನು 1967ರಲ್ಲಿ ಸಡಿಲವಾಗಿ, ವಾರಕ್ಕೆರಡು ದಿನ ಎಂಜಿನ್ ದೋಣಿಯಿಂದ ನೂಕಿಸಿಕೊಳ್ಳಲು ಅನುಮತಿ ಸಿಕ್ಕಿತು. ಎರಡು ದಿನ ಎಂಜಿನ್ ಸಿಕ್ಕವನು ಉಳಿದ ದಿನ ಗಾಳಿಗೆ ಕಾಯುವನೇ? ಅತ್ತ, 1977ರಲ್ಲಿ ಬಂದ ಜೆ/24ರಂಥ ಫೈಬರ್‌ಗ್ಲಾಸ್ ದೋಣಿಗಳು ಸಂಬಳದವರ ಕೈಗೂ ಎಟುಕಿ ಪಂದ್ಯ ತುಂಬಿಕೊಂಡಿತು.

ಬುಧವಾರದ ಗಾಳಿಯಂತೂ ಒಳ್ಳೆಯ ಮೇಷ್ಟ್ರು, ಅಂದರೆ ಮಹಾ ಚಂಚಲ. ಕೊಲ್ಲಿಯಿಂದ ಬರುವ ದಕ್ಷಿಣದ ಗಾಳಿ ಒಂದೇ ಸಮ ಬೀಸಿ, ಹೊತ್ತಿಳಿದಂತೆ ಸೊರಗುತ್ತದೆ. ವಾಯುವ್ಯದ್ದು ಮರ, ಕಟ್ಟಡಗಳನ್ನು ಹಾದು ಬರುವುದರಿಂದ ಗಳಿಗೆಗೊಂದು ದಿಕ್ಕು. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು, ಸುಮಾರು 45 ಡಿಗ್ರಿ ಓರೆಯಲ್ಲಿ ಅಡ್ಡಾದಿಡ್ಡಿ ಏರಬೇಕು. ಒಂದು ದೋಣಿ ಎಡಕ್ಕೆ, ಇನ್ನೊಂದು ಬಲಕ್ಕೆ ಸರಿದಿವೆ ಎನ್ನಿ. ಗಾಳಿ 10 ಡಿಗ್ರಿ ಎಡಕ್ಕೆ ತಿರುಗಿದರೆ, ಅವುಗಳ ನಡುವಿನ ಅಂತರದ ಕಾಲುಭಾಗದಷ್ಟು ಲಾಭ ಎಡಗಡೆಯದಕ್ಕೆ ಕೂತಲ್ಲೇ ಸಿಗುತ್ತದೆ. ಹಾಗಾಗಿ ಚುಕ್ಕಾಣಿಯವನ ಕಣ್ಣು ಮುಂಗಡೆಯ ಹಾಯಿಗೆ ಅಂಟಿಸಿದ ಉಣ್ಣೆಯ ಎಳೆಗಳ ಮೇಲೆ. ಒಳಗಿನ ಎಳೆ ಮಲಗುವುದನ್ನು ಬಿಟ್ಟು ಮೇಲಕ್ಕೆದ್ದು ಕುಣಿದರೆ ಗಾಳಿ ಎದುರಿಗೆ ಸರಿದಿರಬಹುದು. ಹೊರಳಬೇಕೋ, ಇದು ಕ್ಷಣದ ಆಟವೋ ಎಂದು ಆಗಲೇ ತೀರ್ಮಾನಿಸಬೇಕು. ಗಾಳಿ ಬಂದಾಗ ತೂರಿಕೊಂಡರೆ ಇಲ್ಲಿ ಸಾಲದು, ಎಲ್ಲಿಂದ ಬಂದೀತೆಂದು ಮೊದಲೇ ಊಹಿಸಿರಬೇಕು.

ಅದನ್ನೆಲ್ಲ ಉಪಕರಣಗಳು ಹೇಳುವುದಿಲ್ಲವೇ ಎಂಬ ಆಕ್ಷೇಪ ಬಲವಾದದ್ದೇ. ಜಿಪಿಎಸ್ ಬಂದಮೇಲೆ ಆರಂಭದ ಗೆರೆಯ ಅಂದಾಜು ಸುಲಭವಾಗಿದೆ, ಒಪ್ಪಿದೆ. ಆದರೆ ಕೂವೆಯ ತುದಿಯ ಯಂತ್ರ ಅಳೆಯುವುದು ಅಲ್ಲಿಗೆ ಬಂದು ಮುಟ್ಟಿದ ಗಾಳಿಯನ್ನು. ಇನ್ನೂರು ಗಜ ಮುಂದೆ ನೀರು ಕಪ್ಪಗೆ ಸುಕ್ಕುಗಟ್ಟುವುದು ಕಣ್ಣಿಗೇ ಕಾಣಬೇಕು. ಸ್ಕಿಪ್‌ಜ್ಯಾಕಿನವನ ಹೊಟ್ಟೆಪಾಡಿಗೂ ಈ ಪಂದ್ಯಕ್ಕೂ ಎಲ್ಲಿಯ ಹೋಲಿಕೆ ಎನ್ನಬಹುದು. ಚಳಿಗಾಲದಲ್ಲಿ ಸಿಂಪಿ ಬಾಚುವ ಕಷ್ಟ ಇವರಿಗಿಲ್ಲ, ನಿಜ. ಆದರೆ ಕಷ್ಟ ತಪ್ಪಿದ್ದಕ್ಕೆ ಯಾರೂ ಅಳಬೇಕಿಲ್ಲ. ಅದರ ಜೊತೆ ಕೌಶಲವೂ ಹೋಗುತ್ತಿತ್ತಲ್ಲ, ಅದಷ್ಟೇ ಪ್ರಶ್ನೆ. ದೋಣಿ ಶ್ರೀಮಂತನದೇ ಇರಲಿ, ಜೆ/24 ಓಡಿಸಲೂ ನಾಲ್ಕೈದು ಜನ ಬೇಕು. ದೋಣಿಯಿಲ್ಲದವರು ಹಗ್ಗ ಹಿಡಿಯಲು ಹತ್ತಿ, ಅಲ್ಲೇ ಗಾಳಿ ಕಲಿಯುತ್ತಾರೆ.