ಭಾಗ 4: ‘ಆಯ್ತವ್ವ’ ಅಂದ್ರೆ ಏನು?

ಫೋಟೋದಲ್ಲಿ ಕಾಣ್ತಿರೋದು ಆಲೂಗಡ್ಡೆ. ಹೌದು, ಬರೀ ಆಲೂಗಡ್ಡೆ. ಹಾಸನದವರಿಗೆ ಇದು ತರಕಾರಿ ಅಲ್ಲ, ಮೇ ತಿಂಗಳ ಟೆನ್ಷನ್ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಕ್ಯಾಪ್ಶನ್ ಉದ್ದ ಇದೆ, ಬಸ್ಸಲ್ಲಿ ಸೀಟ್ ಸಿಕ್ಕಿದ್ಮೇಲೆ ಓದಿ.

ಹಿಂದಿನ ಮೂರು ಭಾಗದಲ್ಲಿ ಇಂಟರ್‌ವ್ಯೂ, ಮೊದಲ ಸಂಬಳ, ಹೊಳೆನರಸೀಪುರದಿಂದ ಹಾಸನಕ್ಕೆ ದಿನಾ ಓಡಾಡೋದು ಎಲ್ಲಾ ಬರೆದಿದ್ದೆ. ಓದಿದ ನಮ್ಮ ಕ್ಲಾಸಿನವರು ಕೆಲವರು ಕೇಳಿದ್ದು ಒಂದೇ: ಕೆಲಸ ಹೆಂಗೋ ಕಲ್ತ್ಕೋಬಹುದು, ಜೊತೇಲಿರೋರ ಜೊತೆ ಹೆಂಗೆ ಏಗೋದು? ನಿಮಗೆ ಉಪದೇಶ ಮಾಡೋ ಯೋಗ್ಯತೆ ನಂಗಿಲ್ಲ. ಆದ್ರೆ ಕೈಯಾರೆ ಕೆಡಿಸ್ಕೊಂಡ ಒಂದು ಸಂಬಂಧದ ಕಥೆ ಇದೆ.

ನಾನಿರೋದು ಬಿತ್ತನೆ ಆಲೂಗಡ್ಡೆ ಮಾರೋ ಒಂದು ಆಫೀಸಲ್ಲಿ. ಹೆಸರು ಬೇಡ. ಗೊತ್ತಿಲ್ಲದವರಿಗೆ: ನಮ್ಮ ಜಿಲ್ಲೆಗೆ ಬಿತ್ತನೆ ಗೆಡ್ಡೆ ಬರೋದು ಪಂಜಾಬಿನ ಜಲಂಧರ್ ಕಡೆಯಿಂದ. ಇಲ್ಲಿ ಕೋಲ್ಡ್ ಸ್ಟೋರೇಜಲ್ಲಿ ಇಟ್ಟು, ಮುಂಗಾರಿಗೆ ಮುಂಚೆ ಹೊರಗೆ ತೆಗೀತಾರೆ. ತೆಗೆದ ತಕ್ಷಣ ಮೂಟೆ ಬಿಚ್ಚಿ, ನೆರಳಲ್ಲಿ ಗಾಳಿಯಾಡೋ ಹಂಗೆ ಹರಡಬೇಕು. ಆಗ ಕಣ್ಣು ಒಡೆಯುತ್ತೆ, ಮೊಳಕೆ ಬರುತ್ತೆ. ಮೂಟೇಲೇ ಬಿಟ್ರೆ ಬೆವರಿ, ಮೆತ್ತಗಾಗಿ, ಕೊಳೆಯುತ್ತೆ. ಆ ವಾಸನೆ ಒಂದ್ಸಲ ಕುಡಿದವರು ಮರೆಯಲ್ಲ.

ಹೋದ ವರ್ಷ ಮೇ. ಗೋಡೌನ್ ನೋಡ್ಕೊಳ್ಳೋರು ಅರಕಲಗೂಡು ಕಡೆಯ ಒಬ್ಬ ಅಣ್ಣ, ನಮ್ಮಪ್ಪನ ವಯಸ್ಸು. ಸಂಜೆ ಬಸ್ಸಿಗೆ ಓಡೋ ಅವಸರದಲ್ಲಿ ಹೇಳ್ದೆ, ‘ಅಣ್ಣ, ಇವತ್ತು ಬಂದ ಲೋಡು ಬೆಳಗ್ಗೆ ಒಳಗೆ ಹರಡ್ಬಿಡಿ.’ ಅವ್ರು ‘ಆಯ್ತವ್ವ’ ಅಂದ್ರು. ಮುಗೀತು ಅಂತ ಹೊರಟೆ. ಮಾರನೇ ದಿನ ಶನಿವಾರ, ನಂದು ರಜಾ. ಆಮೇಲೆ ಭಾನುವಾರ. ಸೋಮವಾರ ಬಂದ್ರೆ 18 ಮೂಟೆ ಕಟ್ಟಿದ್ದು ಕಟ್ಟಿದಂಗೇ ನಿಂತಿದೆ, ಕೆಳಗೆಲ್ಲಾ ನೀರು.

ಆಗ ನಾನೇನ್ ಮಾಡ್ದೆ ಗೊತ್ತಾ? ಮೂಟೆಗಳ ಫೋಟೋ ತೆಗ್ದು ಆಫೀಸ್ ವಾಟ್ಸಾಪ್ ಗ್ರೂಪಿಗೆ ಹಾಕಿ ಟೈಪ್ ಮಾಡ್ದೆ: ‘ಹೇಳಿದ ಕೆಲಸ ಮಾಡಲ್ಲ ಅಂದ್ರೆ ಆಯ್ತು ಅಂತ ಯಾಕೆ ಹೇಳ್ತೀರಾ?’ ಡ್ರೈವರ್‌ಗಳು, ಹಮಾಲರು, ಓನರ್, ಎಲ್ಲಾ ಇರೋ ಗ್ರೂಪು. ನಷ್ಟವನ್ನ ಅವರ ಕೂಲೀಲಿ ಹಿಡೀರಿ ಅಂತ ಓನರ್ ಅಂದ್ರು. ಅವ್ರು ಏನೂ ಮಾತಾಡ್ಲಿಲ್ಲ. ಮಾರನೇ ದಿನ ಕೆಲಸಕ್ಕೇ ಬರ್ಲಿಲ್ಲ.

ನಮ್ಮ ಅಕೌಂಟೆಂಟ್ ಚನ್ನರಾಯಪಟ್ಟಣದವರು. ಅವರ ದನಿ ಕೇಳಿದ್ರೆ ಜಗಳ ಆಡ್ತಿದಾರೆ ಅನ್ಸುತ್ತೆ, ಮೊದಲ ತಿಂಗಳೆಲ್ಲಾ ನಾನು ಅವರಿಗೆ ಹೆದರ್ತಿದ್ದೆ. (ಚನ್ನರಾಯಪಟ್ಟಣದವರೇ, ಕೋಪ ಬೇಡ. ಇದು ಊರಿನ ಗುಣ ಅಂತಿಲ್ಲ, ಅವರೊಬ್ಬರ ಗುಣ.) ಅವತ್ತು ಅದೇ ದನೀಲಿ ಕೇಳಿದ್ರು, ‘ಅವ್ನು ಆಯ್ತು ಅಂದಿದ್ದು ಬುಡು. ಆಮೇಲೇನಂದ?’

ನೆನಪು ಮಾಡ್ಕೊಂಡು ಹೇಳ್ದೆ. ‘ಆಯ್ತವ್ವ. ಶೆಡ್ಡು ತುಂಬೈತೆ. ಮೋಡ ಬೇರೆ ಆಗೈತೆ. ನೋಡಾನ ಬುಡಿ.’

‘ಅಲ್ಲಮ್ಮ, ಅವ್ನು ಆಗಲ್ಲ ಅಂತ ಮೂರ್ ಸಲ ಹೇಳವ್ನಲ್ಲ!’

ನೀವೇ ಯೋಚ್ನೆ ಮಾಡಿ. ಮನೇಲಿ ಈ ಭಾಷೆ ನಮಗೆ ಚೆನ್ನಾಗಿ ಗೊತ್ತು. ‘ಊಟ ಮಾಡ್ಕೊಂಡು ಹೋಗಿ’ ಅಂದಾಗ ನೆಂಟರು ‘ಆಯ್ತು, ಇನ್ನೊಂದ್ಸಲ ಬತ್ತೀವಿ’ ಅಂದ್ರೆ ಯಾರೂ ಎಲೆ ಹಾಕಲ್ಲ. ದುಡ್ಡು ಕೇಳಿದಾಗ ಮಾವ ‘ನೋಡಾನ’ ಅಂದ್ರೆ ಬೇರೆ ಕಡೆ ಹುಡುಕ್ತೀವಿ. ಆ ಅಣ್ಣನ ‘ಆಯ್ತವ್ವ’ಗೆ ‘ಕೇಳಿಸ್ತು’ ಅನ್ನೋದಷ್ಟೇ ಅರ್ಥ. ಆಫೀಸಿನವರ ಮುಖಕ್ಕೆ ‘ಆಗಲ್ಲ’ ಅನ್ನೋದು ಅವರ ಬಾಯಲ್ಲಿ ಬರಲ್ಲ. ಮನೇಲಿ ಅರ್ಥ ಆಗೋದು ಐಡಿ ಕಾರ್ಡ್ ಹಾಕ್ಕೊಂಡ ತಕ್ಷಣ ನಂಗೆ ಮರೆತುಹೋಗಿತ್ತು.

ಇನ್ನೂ ಕೆಟ್ಟದ್ದು ಇದೆ. ಚಾಟ್ ಮೇಲಕ್ಕೆ ಎಳೆದು ನೋಡಿದ್ರೆ, ಶುಕ್ರವಾರ ರಾತ್ರಿ ಅವರು ಕಳಿಸಿದ ವಾಯ್ಸ್ ನೋಟ್ ಇತ್ತು. ಒಂದು ನಿಮಿಷ ನಲವತ್ತು ಸೆಕೆಂಡು. ನಾನು ಕೇಳೇ ಇರ್ಲಿಲ್ಲ. ಉದ್ದದ ವಾಯ್ಸ್ ನೋಟ್ ಅಂದ್ರೆ ನಂಗೆ ಅಲರ್ಜಿ, ನಿಮಗೂ ಅಂತ ಗೊತ್ತು. ಶುರುವಾಗೋದೇ ‘ಊಟ ಆಯ್ತಾ ಅವ್ವ’ ಅಂತ. ಆಮೇಲೆ ಮಳೆ ಸುದ್ದಿ, ಬಸ್ ಸಿಕ್ತಾ ಅಂತ ವಿಚಾರಣೆ. ಒಂದು ನಿಮಿಷ ಕಳೆದ ಮೇಲೆ ವಿಷಯ: ‘ಒಳಗೆ ಜಾಗ ಇಲ್ಲ, ಹಿಂದ್ಗಡೆ ಶೆಡ್ ಬೀಗ ಕೊಡ್ಸಿ, ಇಲ್ಲಾಂದ್ರೆ ಮಾಲು ಬೆವರ್ತದೆ.’ ನಾನು ವಿಷಯ ಮೊದಲು ಹೇಳೋಳು. ಅವ್ರು ಮನುಷ್ಯರನ್ನ ಮೊದಲು ಕೇಳಿ ವಿಷಯ ಆಮೇಲೆ ಹೇಳೋರು. ಮಧ್ಯದಲ್ಲಿ 18 ಮೂಟೆ ಕೊಳೀತು.

ಇದು ನಮ್ಮೂರ ಕಥೆ ಮಾತ್ರ ಅಲ್ಲ. ಜಾನ್ ಗಂಪರ್ಜ್ ಅಂತ ಒಬ್ಬ ಭಾಷಾ ವಿದ್ವಾಂಸ ಇದ್ರು. ಕರ್ನಾಟಕದ ಗಡಿ ಆಚೆ, ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಒಂದರೊಳಗೊಂದು ಹೆಂಗೆ ಬೆರೆತಿವೆ ಅಂತ ರಾಬರ್ಟ್ ವಿಲ್ಸನ್ ಜೊತೆ 1971ರಲ್ಲಿ ಬರೆದವರು. 1982ರ ಅವರ ಪುಸ್ತಕದಲ್ಲಿ ಬ್ರಿಟನ್ನಿನ ಒಂದು ವಿಮಾನ ನಿಲ್ದಾಣದ ಕ್ಯಾಂಟೀನ್ ಬರುತ್ತೆ. ಹೊಸದಾಗಿ ಸೇರಿದ ಭಾರತ, ಪಾಕಿಸ್ತಾನದ ಹೆಂಗಸರು ಸಿಡುಕಿಯರು ಅಂತ ದೂರು. ಅವರು ಆಡ್ತಿದ್ದಿದ್ದೇ ಒಂದೆರಡು ಮಾತು! ರೆಕಾರ್ಡ್ ಮಾಡಿ ಕೇಳಿದಾಗ ಗೊತ್ತಾಯ್ತು, ಬಡಿಸುವಾಗ ಅಲ್ಲಿನವರು ‘ಗ್ರೇವಿ?’ ಅಂತ ದನಿ ಏರಿಸ್ತಿದ್ರು, ನಮ್ಮ ಕಡೆಯವರು ‘ಗ್ರೇವಿ’ ಅಂತ ದನಿ ಇಳಿಸ್ತಿದ್ರು. ‘ಸಾರು ಹಾಕ್ಲಾ?’ ಅನ್ನೋ ಪ್ರೀತಿ, ಕೇಳೋರ ಕಿವಿಗೆ ‘ಸಾರು, ಬೇಕಾದ್ರೆ ತಗೋ’ ಅನ್ನೋ ಹಂಗೆ. ಆ ಹೆಂಗಸರಿಗೋ, ತಪ್ಪೇ ಮಾಡದೆ ನಮ್ಮನ್ನ ಕೀಳಾಗಿ ನೋಡ್ತಾರೆ ಅನ್ನೋ ಸಂಕಟ. ಟೇಪ್ ಕೇಳ್ಸಿ ಮಾತಾಡಿದ ಮೇಲೆ ಎರಡೂ ಕಡೆಯವರು ಸಡಿಲ ಆದ್ರಂತೆ.

ನಮ್ಮ ಟೇಪು ಆ ವಾಯ್ಸ್ ನೋಟ್. ಓನರ್ ಮುಂದೆ ಪೂರ್ತಿ ಪ್ಲೇ ಮಾಡ್ದೆ, ಊಟ ಆಯ್ತಾ ಅನ್ನೋದ್ರಿಂದ. ಕೂಲಿ ಹಿಡಿಯೋದು ಬಿಟ್ರು. ಕ್ಷಮೆ ಕೇಳೋಕೆ ಪರ್ಸನಲ್ ಆಗಿ ಫೋನ್ ಮಾಡ್ತೀನಿ ಅಂದಾಗ ಅಕೌಂಟೆಂಟ್ ಬಿಡ್ಲಿಲ್ಲ, ‘ಬೈದಿದ್ದೆಲ್ಲಿ? ಅಲ್ಲೇ ಕೇಳು’ ಅಂದ್ರು. ಗ್ರೂಪಲ್ಲೇ ಕೇಳ್ದೆ. ಟೈಪ್ ಮಾಡ್ಲಿಲ್ಲ, ಮಾತಾಡ್ದೆ, ಗಂಟಲು ಕಟ್ಟಿತ್ತು.

ಮೂರನೇ ದಿನ ಅಣ್ಣ ಬಂದ್ರು. ಈಗ ನಾನು ‘ಹರಡ್ಬಿಡಿ’ ಅನ್ನಲ್ಲ. ‘ಜಾಗ ಎಷ್ಟಿದೆ, ಎಷ್ಟು ಜನ ಬೇಕು, ಏನ್ ಅಡ್ಡಿ ಇದೆ’ ಅಂತ ಕೇಳ್ತೀನಿ. ಹಂಗೆ ಕೇಳಿದ್ರೆ ಅವ್ರು ‘ಆಗಲ್ಲ’ ಅಂತ ಹೇಳ್ದೇನೇ ಎಲ್ಲಾ ಹೇಳ್ತಾರೆ. ವಾಯ್ಸ್ ನೋಟ್ ಕೊನೇವರೆಗೂ ಕೇಳ್ತೀನಿ, 1.5 ಸ್ಪೀಡಲ್ಲಿ (ಅಷ್ಟು ಮಾತ್ರ ಕ್ಷಮಿಸಿ).

ಈ ಮೇ ತಿಂಗಳ ಲೋಡೆಲ್ಲಾ ಸರಿಯಾಗಿ ಹರಡಿದೆ. ಫೋಟೋ ಅದೇ, ಕಣ್ಣು ಒಡೆದಿರೋದು ಝೂಮ್ ಮಾಡಿದ್ರೆ ಕಾಣುತ್ತೆ. ಅಣ್ಣ ಚೆನ್ನಾಗೇ ಮಾತಾಡ್ತಾರೆ. ಆದ್ರೆ ಅವತ್ತಿಂದ ನನ್ನ ‘ಮೇಡಂ’ ಅಂತಾರೆ. ‘ಅವ್ವ’ ಅನ್ನೋದು ಇನ್ನೂ ವಾಪಸ್ ಬಂದಿಲ್ಲ.