ಮುರುಗಲ ಪೊಟ್ಟಣ

ದಿಲ್ಲಿಗೆ ಬಂದು ಹದಿನೈದು ವರ್ಷವಾದ ಮೇಲೆ, 2009ರ ಸುಮಾರಿಗೆ, ನನ್ನ ಬಾಯಿ ಒಣಗತೊಡಗಿತು. ಬಾಯಾರಿಕೆ ಅಲ್ಲ ಅದು. ನೀರು ಕುಡಿದ ಐದೇ ನಿಮಿಷಕ್ಕೆ ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಫುಲ್ಕಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ರಾಜ್ಯೋತ್ಸವದಲ್ಲಿ ಸ್ವಾಗತ ಹೇಳಲು ನಿಂತವಳು ನಾಲ್ಕನೇ ವಾಕ್ಯಕ್ಕೇ ನೀರಿನ ಬಾಟಲಿ ಹುಡುಕಿದೆ. "ಏನ್ರೀ, ಹೆದರಿದ್ರಾ?" ಅಂತ ಗೆಳತಿಯರು ನಕ್ಕರು.

ಎಲ್ಲರೂ ದಿಲ್ಲಿಯನ್ನೇ ಬೈದರು, ನಾನೂ ಬೈದೆ. ಬೇಸಿಗೆಯಲ್ಲಿ ಲೂ, ಚಳಿಗಾಲದಲ್ಲಿ ಹೀಟರು, ಒಣಗದೆ ಇನ್ನೇನಾದೀತು? ಶಿರಸಿಯಿಂದ ಆಯಿ ಫೋನಿನಲ್ಲಿ, "ತಂಗಿ, ಆ ದಿಲ್ಲಿ ಗಾಳಿನೇ ಹಾಂಗೆ. ಇಲ್ಲಿ ಬಂದು ನಾಕು ದಿನ ಇದ್ರೆ ಎಲ್ಲಾ ಸರಿ ಆಗ್ತು" ಅಂದಳು. ಅಷ್ಟಕ್ಕೇ ಸುಮ್ಮನಾಗದೆ ಒಣಗಿಸಿದ ಮುರುಗಲ ಸಿಪ್ಪೆ ಕಳಿಸಿದಳು. ಒಂದು ಚೂರು ಬಾಯಿಗಿಟ್ಟರೆ ಹುಳಿಗೆ ಸ್ವಲ್ಪ ಜೊಲ್ಲು ಒಸರುತ್ತಿತ್ತು, ಜೊತೆಗೆ ನಮ್ಮನೆ ಅಟ್ಟದ ವಾಸನೆ. ದಿನಕ್ಕೆ ಹತ್ತು ಹನ್ನೆರಡು ಚೂರು, ಮೂರು ವರ್ಷ.

2012ರ ಆಷಾಢದಲ್ಲಿ ಊರಿಗೆ ಹೋದೆ. ಶಿರಸಿಯ ಮಳೆ ಗೊತ್ತಲ್ಲ, ಭರಣಿಯ ಉಪ್ಪು ನೀರಾಗುತ್ತದೆ, ಒಲೆಯ ಮೇಲೆ ಹರವಿದ ಬಟ್ಟೆಯೂ ಒಣಗುವುದಿಲ್ಲ. ಅಂಥ ಮನೆಯಲ್ಲಿ ಒಣಗಿದ್ದು ನನ್ನ ಬಾಯಿ ಒಂದೇ. ಆಯಿ ಸುಟ್ಟುಕೊಟ್ಟ ಹಲಸಿನ ಹಪ್ಪಳ ಅಂಗುಳಕ್ಕೆ ಕಚ್ಚಿಕೊಂಡಿತು, ನೀರು ಹಾಕಿ ಬಿಡಿಸಬೇಕಾಯಿತು. ದಿಲ್ಲಿಯದಲ್ಲ ತಪ್ಪು ಅಂತ ಆವತ್ತು ತಿಳಿಯಿತು. ಅತ್ತೆ, ಅಳಲೂ ಕಣ್ಣಲ್ಲಿ ನೀರಿರಲಿಲ್ಲ.

ಮರಳಿ ಬಂದು ದೊಡ್ಡ ಆಸ್ಪತ್ರೆಗೆ ಹೋದೆ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ನನ್ನದು ಒದ್ದೆಯಾದದ್ದು ಮೂರೇ ಮಿಲಿಮೀಟರು. ರಕ್ತಪರೀಕ್ಷೆ, ತುಟಿಯೊಳಗಿಂದ ತೆಗೆದ ಚೂರಿನ ಪರೀಕ್ಷೆ ಆದ ಮೇಲೆ ಕಾಯಿಲೆಗೆ ಹೆಸರು ಸಿಕ್ಕಿತು: ಶೋಗ್ರೆನ್ ಸಿಂಡ್ರೋಮ್. 1933ರಲ್ಲಿ ಇದನ್ನು ವಿವರಿಸಿದ ಸ್ವೀಡನ್ನಿನ ಕಣ್ಣಿನ ವೈದ್ಯರ ಹೆಸರದು. ಮೈಯ ಕಾವಲುಪಡೆಯೇ ಜೊಲ್ಲಿನ, ಕಣ್ಣೀರಿನ ಗ್ರಂಥಿಗಳ ಮೇಲೆ ಬೀಳುತ್ತದೆ. ಈ ರೋಗ ಬರುವವರಲ್ಲಿ ಹೆಚ್ಚಿನವರು ಹೆಂಗಸರು.

ಹಲ್ಲಿನ ಡಾಕ್ಟರ್ ಬಾಯಿ ನೋಡಿ, ಹುಳಿ ಏನಾದರೂ ಚೀಪುತ್ತೀರಾ ಅಂದರು. ವಸಡಿನಂಚಿಗೆ ಏಳು ಹಲ್ಲು ಕೊರೆದುಹೋಗಿದ್ದವು, ಎರಡನ್ನು ಕೀಳಲೇಬೇಕಾಯಿತು. ಹುಳಿಯನ್ನು ತೊಳೆದು ಹಲ್ಲು ಕಾಯುವುದೇ ಜೊಲ್ಲು. ಆರೋಗ್ಯವಂತರಿಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಬರುತ್ತದೆ. ನನಗೆ ಅದೇ ಇಲ್ಲದಾಗ ಮುರುಗಲ ಹುಳಿ ಹಲ್ಲಿನ ಮೇಲೇ ಕೂತಿತ್ತು.

ಗುಣವಾಗುವ ಕಾಯಿಲೆಯಲ್ಲ, ಸಂಭಾಳಿಸಬೇಕು. ಪೈಲೋಕಾರ್ಪಿನ್ ಮಾತ್ರೆ ಕೊಟ್ಟರು. ಮೇ ತಿಂಗಳ ದಿಲ್ಲಿಯಲ್ಲಿ ಬಾಯಿಗಿಂತ ಬೆನ್ನೇ ಹೆಚ್ಚು ಒದ್ದೆಯಾಯಿತು, ಬಿಟ್ಟೆ. ಈಗ ನೀರನ್ನು ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯುತ್ತೇನೆ. ಡಾಕ್ಟರ್ ಬರೆದುಕೊಟ್ಟ ಫ್ಲೋರೈಡ್ ಪೇಸ್ಟು, ರಾತ್ರಿ ಊಟಕ್ಕೆ ಗಂಜಿ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜಗಿಯುತ್ತ ಸಭೆಗೆ ಹೋದರೆ "ಈ ವಯಸ್ಸಲ್ಲಿ?" ಅನ್ನುವವರಿದ್ದಾರೆ, ಅನ್ನಲಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಯಿ ಒಣಗಿ, ಕಣ್ಣಲ್ಲಿ ಮರಳು ಬಿದ್ದಂತಾಗಿ ಮೂರು ತಿಂಗಳಾಗಿದ್ದರೆ ಹವೆಯನ್ನು ಬೈಯುತ್ತ ಕೂರಬೇಡಿ, ತೋರಿಸಿ. ಕೆಲವರಿಗೆ ನುಂಗುವ ಮಾತ್ರೆಗಳಿಂದಲೂ ಹೀಗಾಗುತ್ತದೆ.

ಆಯಿಗೆ ಹಲ್ಲಿನ ವಿಷಯ ಹೇಳಿಲ್ಲ. ಪ್ರತಿವರ್ಷ ಮಳೆ ಹಿಡಿಯುವ ಮೊದಲು ಪೊಟ್ಟಣ ಬರುತ್ತದೆ. ಸಾರಿಗೆ ಹಾಕುತ್ತೇನೆ. "ಬಾಯಲ್ಲಿ ಇಟ್ಕಂಡ್ಯನೇ?" ಅಂತ ಕೇಳುತ್ತಾಳೆ. ಹೂಂ ಅನ್ನುತ್ತೇನೆ.